ಛಲ ಎಲ್ಲಿಗೆ ಮುಗಿದು ಹಟ ಶುರುವಾಗುತ್ತೆ? ಕ್ರಿಯೋನ್, ದುರ್ಯೋಧನ, ಮತ್ತೆ ಬಂದಳಿಕೆಯ ಒಬ್ಬಳು

ಸಬ್ಜೆಕ್ಟ್ ಬ್ಯಾಕ್ ಉಳಿದವರಿಗೆ ಸೀನಿಯರ್‌ಗಳು ಕೊಡುವ ಉಪದೇಶ ಸಾಮಾನ್ಯವಾಗಿ ಒಂದೇ: ‘ಛಲ ಬಿಡಬೇಡ ಮಗಾ.’ ಕನ್ನಡದಲ್ಲಿ ಛಲ ಹೊಗಳಿಕೆಯ ಮಾತು, ಹಟ ಬೈಗುಳ. ಆದರೆ ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹಿಡಿದದ್ದನ್ನು ಬಿಡದೇ ಇರುವುದು, ಅಷ್ಟೆ. ಸಾಮಾನ್ಯ ಮನುಷ್ಯ ಹಟ ಹಿಡಿದರೆ ಅವನ ಮನೆ ಕೆಡುತ್ತದೆ. ರಾಜ ಹಿಡಿದರೆ? ಈ ಪ್ರಶ್ನೆಯನ್ನು ಹಿಡಿದು ಜಗ್ಗಾಡಿದವರು ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕ್ ನಾಟಕಕಾರರು.

ಮೊದಲು ಒಂದು ಪದದ ವಿಚಾರ. ‘ಹ್ಯೂಬ್ರಿಸ್’ ಅನ್ನುವುದನ್ನು ನಾವು ಸಲೀಸಾಗಿ ‘ಅಹಂಕಾರ’ ಎಂದು ಅನುವಾದಿಸಿ ಮುಂದೆ ಹೋಗುತ್ತೇವೆ. ಅಥೆನ್ಸಿನಲ್ಲಿ ಅದು ಬರೀ ಮನಸ್ಸಿನ ಗುಣವಲ್ಲ, ಕಾನೂನಿನ ಕಣ್ಣಲ್ಲಿ ಒಂದು ಅಪರಾಧ. ಇನ್ನೊಬ್ಬನನ್ನು ಬೇಕೆಂದೇ ಅವಮಾನಿಸಿ, ಅದರಿಂದ ತಾನು ದೊಡ್ಡವನಾದೆ ಅಂತ ಖುಷಿಪಡುವುದು. ಇದಕ್ಕೆ ದಾವೆ ಹೂಡಬಹುದಿತ್ತು. ಅಂದರೆ ಎದೆಯೊಳಗಿನ ಹೆಮ್ಮೆ ಅಷ್ಟರಲ್ಲೇ ಹ್ಯೂಬ್ರಿಸ್ ಆಗುವುದಿಲ್ಲ. ಅದು ಇನ್ನೊಬ್ಬರ ಮೇಲೆ ಕಾಲಿಟ್ಟಾಗ ಆಗುತ್ತದೆ.

ಈಗ ಸೊಫೊಕ್ಲಿಸ್‌ನ ‘ಅಂತಿಗೊನೆ’. ಕ್ರಿ.ಪೂ. 441ರ ಸುಮಾರಿನ ನಾಟಕ. ನಮ್ಮ ಪಿ. ಲಂಕೇಶ್ ಇದನ್ನೂ ‘ದೊರೆ ಈಡಿಪಸ್’ಅನ್ನೂ ಕನ್ನಡಕ್ಕೆ ತಂದಿದ್ದಾರೆ, ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ಥೀಬ್ಸ್ ನಗರಕ್ಕೆ ಅಣ್ಣತಮ್ಮಂದಿರ ಯುದ್ಧ ಬಂದು, ಇಬ್ಬರೂ ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ. ಸಿಂಹಾಸನ ಹತ್ತಿದ ಸೋದರಮಾವ ಕ್ರಿಯೋನ್ ಆಜ್ಞೆ ಹೊರಡಿಸುತ್ತಾನೆ: ಊರನ್ನು ಕಾಯ್ದವನಿಗೆ ಗೌರವದ ಮಣ್ಣು, ಊರಿನ ಮೇಲೆ ದಂಡೆತ್ತಿ ಬಂದ ಪಾಲಿನೈಸಿಸ್‌ನ ಹೆಣ ನಾಯಿ ಹದ್ದುಗಳಿಗೆ. ತಂಗಿ ಅಂತಿಗೊನೆ ಆಜ್ಞೆ ಮುರಿದು ಅಣ್ಣನಿಗೆ ಮಣ್ಣು ಹಾಕುತ್ತಾಳೆ.

ಇಲ್ಲೊಂದು ಮಾತು. ಕ್ರಿಯೋನ್ ಆರಂಭದಲ್ಲಿ ದುಷ್ಟನಲ್ಲ. ಯುದ್ಧ ಮುಗಿದು ಇನ್ನೂ ಒಂದು ದಿನವಾಗಿಲ್ಲ, ಊರು ಒಡೆದಿದೆ, ದ್ರೋಹಿಗೂ ರಕ್ಷಕನಿಗೂ ಒಂದೇ ಮರ್ಯಾದೆ ಕೊಟ್ಟರೆ ರಾಜ್ಯ ನಿಲ್ಲುವುದು ಹೇಗೆ ಅಂತ ಅವನ ಲೆಕ್ಕ. ಸಂಬಂಧಿಕನೆಂದು ರಿಯಾಯಿತಿ ಇಲ್ಲ ಎನ್ನುತ್ತಾನೆ. ನಾಟಕದ ಮೊದಲ ಭಾಗದಲ್ಲಿ ಅವನ ಭಾಷಣ ಕೇಳಿದರೆ ನಾವೂ ತಲೆಯಾಡಿಸುತ್ತೇವೆ. ಪರೀಕ್ಷೆಗೆ ‘ಕ್ರಿಯೋನ್ = ಸರ್ವಾಧಿಕಾರಿ’ ಅಂತ ಒಂದೇ ಸಾಲು ಬರೆಯುವವರು ಈ ಭಾಗವನ್ನು ಓದೇ ಇಲ್ಲ ಅಂತ ನನ್ನ ಗುಮಾನಿ.

ಹಾಗಾದರೆ ಕೆಡುವುದು ಎಲ್ಲಿ? ಅವನಿಗೆ ಬರುವ ಎಚ್ಚರಿಕೆಗಳನ್ನು ಒಂದೊಂದಾಗಿ ನೋಡಿ. ಮೊದಲು ಬರುವವನು ಕಾವಲುಗಾರ. ಹೆಣಕ್ಕೆ ಯಾರೋ ಮಣ್ಣು ಹಾಕಿದ್ದಾರೆ ಅಂತ ಹೇಳಲು ಯಾರಿಗೂ ಧೈರ್ಯವಿಲ್ಲ, ಕಾವಲಿನವರು ಚೀಟಿ ಎತ್ತಿ ಒಬ್ಬನನ್ನು ಕಳಿಸಿದ್ದಾರೆ. ಸುದ್ದಿ ತಂದವನಿಗೆ ಕ್ರಿಯೋನ್ ಹೇಳುವುದು ‘ನೀನು ದುಡ್ಡು ತಿಂದಿದ್ದೀಯ.’ ಆಮೇಲೆ ಮಗ ಹೈಮನ್ ಬರುತ್ತಾನೆ. ಅಂತಿಗೊನೆಯನ್ನು ಮದುವೆಯಾಗಬೇಕಾದವನು ಅವನೇ. ಬಂದವನೇ ಜಗಳ ತೆಗೆಯುವುದಿಲ್ಲ. ಅಪ್ಪಾ, ನಿನ್ನ ಮುಖ ನೋಡಿದರೆ ಜನಕ್ಕೆ ಭಯ, ಅದಕ್ಕೆ ನಿನ್ನೆದುರು ಬಾಯಿ ಬಿಡುವುದಿಲ್ಲ, ಕತ್ತಲಲ್ಲಿ ಆಡುವ ಮಾತು ನನಗೆ ಕೇಳಿಸುತ್ತದೆ ಎನ್ನುತ್ತಾನೆ. ಪ್ರವಾಹಕ್ಕೆ ಬಾಗಿದ ಮರದ ಕೊಂಬೆ ಉಳಿಯುತ್ತದೆ, ಬಾಗದ ಮರ ಬುಡಸಮೇತ ಹೋಗುತ್ತದೆ ಅಂತ ಉದಾಹರಣೆ ಕೊಡುತ್ತಾನೆ. ಅಪ್ಪನ ಉತ್ತರ: ಈ ವಯಸ್ಸಿನಲ್ಲಿ ನಾನು ಇವನಿಂದ ಪಾಠ ಕಲಿಯಬೇಕೆ? ಹೆಂಗಸಿನ ಗುಲಾಮ! ಕೊನೆಗೆ ಕುರುಡ ಪ್ರವಾದಿ ಟೈರೀಸಿಯಸ್. ತಪ್ಪು ಎಲ್ಲರೂ ಮಾಡುತ್ತಾರೆ, ತಿದ್ದಿಕೊಂಡವನು ಕೆಡುವುದಿಲ್ಲ ಎಂದವನಿಗೂ ಅದೇ ಆರೋಪ, ‘ದುಡ್ಡು.’

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಗೊತ್ತಾಗಬೇಕು. ಫೀಡ್‌ಬ್ಯಾಕ್ ಇಲ್ಲ ಅಂತಲ್ಲ. ಬಂದ ಪ್ರತಿಯೊಂದು ರೀಡಿಂಗಿಗೂ ‘ಸೆನ್ಸರ್ ಕೆಟ್ಟಿದೆ’ ಎಂದು ವಿವರಣೆ ಕೊಡುತ್ತಾ ಹೋಗುತ್ತಾನೆ ಕ್ರಿಯೋನ್. ಕಾವಲುಗಾರ ಭ್ರಷ್ಟ, ಮಗ ಪ್ರೇಮದಲ್ಲಿ ಬಿದ್ದವನು, ಪ್ರವಾದಿ ಲಂಚಕೋರ. ಪ್ರತಿ ವಿವರಣೆಯೂ ಬಿಡಿಯಾಗಿ ನಂಬುವಂತಿದೆ. ಒಟ್ಟಿಗೆ ಸೇರಿದಾಗ ಅವನು ಹೊರಗಿನದೇನೂ ಕೇಳಿಸದ ಕೋಣೆಯಲ್ಲಿ ಕೂತಿದ್ದಾನೆ.

ಆಮೇಲೆ ಅವನು ಬಗ್ಗುತ್ತಾನೆ! ಇದನ್ನು ಬಹಳ ಜನ ಮರೆಯುತ್ತಾರೆ. ಪ್ರವಾದಿಯ ಮಾತಿಗೆ ಹೆದರಿ, ಏನು ಮಾಡಲಿ ಹೇಳಿ ಅಂತ ಹಿರಿಯರ ಮೇಳವನ್ನು ಕೇಳುತ್ತಾನೆ. ಗುಹೆಯಲ್ಲಿ ಮುಚ್ಚಿಟ್ಟ ಹುಡುಗಿಯನ್ನು ಬಿಡಿಸು, ಹೆಣಕ್ಕೆ ಸಮಾಧಿ ಮಾಡು ಅಂತ ಅವರು ಅದೇ ಕ್ರಮದಲ್ಲಿ ಹೇಳುತ್ತಾರೆ. ಕ್ರಿಯೋನ್ ಹೋಗಿ ಮೊದಲು ಸತ್ತವನ ಸಂಸ್ಕಾರ ಮುಗಿಸುತ್ತಾನೆ, ಆಮೇಲೆ ಬದುಕಿದ್ದವಳ ಕಡೆಗೆ ಹೊರಡುತ್ತಾನೆ. ಅಷ್ಟರಲ್ಲಿ ಅವಳು ಸತ್ತಿದ್ದಾಳೆ. ಹೈಮನ್ ಅಪ್ಪನ ಕಣ್ಣೆದುರೇ ತನ್ನ ಕತ್ತಿಗೆ ಬಲಿಯಾಗುತ್ತಾನೆ. ಸುದ್ದಿ ಕೇಳಿದ ರಾಣಿ ಗಂಡನನ್ನು ಶಪಿಸಿ ಪ್ರಾಣ ಬಿಡುತ್ತಾಳೆ. ಕ್ರಿಯೋನ್ ಮಾತ್ರ ಸಾಯುವುದಿಲ್ಲ. ಹಟ ಹಿಡಿದವನೊಬ್ಬ, ಹೋದವರು ಬೇರೆಯವರು. ನನಗೆ ಈ ನಾಟಕದಲ್ಲಿ ಅತ್ಯಂತ ಕ್ರೂರವಾಗಿ ಕಾಣುವುದು ಇದೇ.

ಈ ಜಾತಿಯ ನಾಟಕಕ್ಕೆ ಕನ್ನಡದ ಬಾಗಿಲು ತೆಗೆದವರು ಬಿ.ಎಂ.ಶ್ರೀ. ಸೊಫೊಕ್ಲಿಸ್‌ನ ‘ಅಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ (1929) ಆಯಿತು. ಈಸ್ಕಿಲಸ್‌ನ ನಾಟಕವನ್ನು ‘ಪಾರಸಿಕರು’ (1935) ಎಂದು ಅನುವಾದಿಸಿದರು. ಅದರಲ್ಲಿ ಬರುವ ಕ್ಸರ್ಕ್ಸಿಸ್ ಸಮುದ್ರಕ್ಕೇ ದೋಣಿಗಳ ಸೇತುವೆ ಕಟ್ಟಿ ದಂಡು ದಾಟಿಸಿದ ದೊರೆ. ಸಿವಿಲ್‌ನವರು ಮೆಚ್ಚಬಹುದು, ಸತ್ತ ಅಪ್ಪನ ಪ್ರೇತ ಮಾತ್ರ ಮೆಚ್ಚುವುದಿಲ್ಲ. ಇವೆರಡಕ್ಕೂ ಮುಂಚೆ, 1926ರಲ್ಲಿ, ಬಿ.ಎಂ.ಶ್ರೀ ರನ್ನನ ಕಾವ್ಯವನ್ನೇ ಗ್ರೀಕ್ ಧಾಟಿಗೆ ಹೊಂದಿಸಿ ‘ಗದಾಯುದ್ಧ ನಾಟಕಂ’ ಮಾಡಿದ್ದರು. ಸುಮ್ಮನೆ ಆರಿಸಿದ್ದಲ್ಲ. ನಮ್ಮಲ್ಲಿ ಗ್ರೀಕರಿಗೆ ಹತ್ತಿರದ ದೊರೆ ಇದ್ದರೆ ಅದು ರನ್ನನ ದುರ್ಯೋಧನ.

ಅವನಿಗೂ ಎಚ್ಚರಿಕೆಗಳಿಗೆ ಬರವಿಲ್ಲ. ಸಂಜಯ, ಅಪ್ಪ, ಅಮ್ಮ, ಶರಶಯ್ಯೆಯ ಮೇಲಿನ ಭೀಷ್ಮ, ಎಲ್ಲರೂ ಸಂಧಿ ಮಾಡಿಕೋ ಎನ್ನುತ್ತಾರೆ. ಆದರೆ ಕ್ರಿಯೋನ್‌ಗೂ ಇವನಿಗೂ ಒಂದು ವ್ಯತ್ಯಾಸ ಇದೆ. ಇವನು ಹೇಳಿದವರನ್ನು ಲಂಚಕೋರರು ಎನ್ನುವುದಿಲ್ಲ, ಸೋಲು ಖಚಿತ ಅಂತ ಅವನಿಗೂ ಗೊತ್ತು. ಹೆಣಗಳ ನಡುವೆ ನಡೆದು ಬಂದಿದ್ದಾನೆ. ಕರ್ಣ, ದುಶ್ಶಾಸನ ಇಲ್ಲದ ನೆಲ ತಗೊಂಡು ಏನು ಮಾಡಲಿ ಅನ್ನುತ್ತಾನೆ. ಕೊನೆಗೆ ಕೊಳದಲ್ಲಿ ಅಡಗಿದವನು ಭೀಮನ ಮೂದಲಿಕೆ ತಡೆಯಲಾರದೆ ಎದ್ದು ಬರುತ್ತಾನೆ. ಅಲ್ಲೇ ಇದ್ದಿದ್ದರೆ ಆ ಒಂದು ದಿನ ಉಳಿಯುತ್ತಿದ್ದ. ರನ್ನ ಅವನನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾನೆ ಅಂದರೆ ಅವನು ಕೆಡವಿದ ಮನೆಗಳ ಲೆಕ್ಕ ನಮಗೆ ಮರೆತೇಹೋಗುತ್ತದೆ. ಕನ್ನಡದಲ್ಲಿ ಛಲ ಅನ್ನುವ ಪದಕ್ಕೆ ಇಷ್ಟು ಹೊಳಪು ಬಂದಿದ್ದರಲ್ಲಿ ಇವನ ಪಾಲೂ ಇದೆ.

ರನ್ನನಿಗೆ ಕೆಲವು ತಲೆಮಾರು ಮುಂಚೆ, ಇದೇ ಕರ್ನಾಟಕದಲ್ಲಿ, ಪಟ್ಟು ಬಿಟ್ಟ ಒಬ್ಬ ಅಧಿಕಾರಸ್ಥೆಯ ಕಥೆ ಕಲ್ಲಿನ ಮೇಲಿದೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಈಗ ಪಾಳುಗುಡಿಗಳ ಜಾಗ. ಆಗ ಅದು ನಾಗರಖಂಡದ ಮುಖ್ಯ ಪಟ್ಟಣ, ಜೈನರ ತೀರ್ಥ. ರಾಷ್ಟ್ರಕೂಟರ ಕಾಲ, 10ನೇ ಶತಮಾನದ ಆರಂಭ. ಎಪ್ಪತ್ತು ಹಳ್ಳಿಗಳ ನಾಗರಖಂಡಕ್ಕೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ, ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ವಿಧವೆ ಅಂತ ಮೂಲೆಗೆ ಕೂರಿಸಲಿಲ್ಲ, ಅವಳೂ ಕೂರಲಿಲ್ಲ. ಶಾಸನ ಅವಳ ಆಡಳಿತದ ಜಾಣ್ಮೆಯನ್ನು ಹೊಗಳುತ್ತದೆ, ಹೆಣ್ಣಾದರೂ ತನ್ನ ಪರಾಕ್ರಮದ ಬಗ್ಗೆ ಹೆಮ್ಮೆ ಇದ್ದವಳು ಅಂತಲೂ ಹೇಳುತ್ತದೆ.

ಹೆಮ್ಮೆ! ಗ್ರೀಕ್ ನಾಟಕದಲ್ಲಾಗಿದ್ದರೆ ಈ ಪದ ಬಂದ ಕೂಡಲೇ ಮುಂದಿನ ಅಂಕದಲ್ಲಿ ಹೆಣ ಬೀಳಬೇಕು. ಇಲ್ಲಿ ಆಗುವುದು ಬೇರೆ. ಮೈಗೆ ಕಾಯಿಲೆ ಬಂದಾಗ ಜಕ್ಕಿಯಬ್ಬೆ ಈ ಭೋಗ ಇನ್ನು ಸಾಕು ಅಂತ ತೀರ್ಮಾನಿಸುತ್ತಾಳೆ. ಮಗಳನ್ನು ಕರೆಸಿ ತನ್ನದನ್ನೆಲ್ಲ ಒಪ್ಪಿಸುತ್ತಾಳೆ. ಬಂದಳಿಕೆಯ ಬಸದಿಗೆ ಬಂದು ವ್ರತ ಹಿಡಿದು ಪ್ರಾಣ ಬಿಡುತ್ತಾಳೆ. ಶಾಸನ ಹೊಗಳಲಿಕ್ಕೆಂದೇ ಬರೆಸಿದ್ದು, ವಿಶೇಷಣಗಳನ್ನು ಅರ್ಧಕ್ಕೆ ಇಳಿಸಿ ಓದಿ, ಪರವಾಗಿಲ್ಲ. ಆದರೂ ಕ್ರಮ ಗಮನಿಸಿ: ಮೊದಲು ಬದುಕಿರುವ ಮಗಳ ವ್ಯವಸ್ಥೆ, ಆಮೇಲೆ ತನ್ನ ಸಾವಿನ ವ್ಯವಸ್ಥೆ. ಕ್ರಿಯೋನ್ ಉಲ್ಟಾ ಮಾಡಿದ್ದು ಇದನ್ನೇ.

ಇದು ನಾಟಕಕ್ಕೆ ಒಳ್ಳೆಯ ವಸ್ತು ಅಲ್ಲ ಅಂತ ಯಾರಾದರೂ ಹೇಳಬಹುದು, ಜಗಳವೇ ಇಲ್ಲವಲ್ಲ ಅಂತ. ನಾನು ಒಪ್ಪುವುದಿಲ್ಲ. ಎಪ್ಪತ್ತು ಹಳ್ಳಿ ಆಳಿದವಳು ಮಗಳನ್ನು ಕರೆಸಿದ ಆ ಸಂಜೆ ಇಬ್ಬರೂ ಏನು ಮಾತಾಡಿಕೊಂಡಿರಬಹುದು? ನಮ್ಮ ಕ್ಲಬ್ಬಿನ ನಾಟಕ ತಂಡದವರು ಯೋಚಿಸಿ ನೋಡಿ. ಬಳ್ಳಿಗಾವಿ, ತಾಳಗುಂದ ಅಂತ ಟ್ರಿಪ್ ಹಾಕುವವರು ಶಿರಾಳಕೊಪ್ಪದಿಂದ ಬಂದಳಿಕೆಗೂ ಒಂದು ಸುತ್ತು ಹೋಗಿ ಬನ್ನಿ. ಸೋಮೇಶ್ವರ, ತ್ರಿಮೂರ್ತಿ ನಾರಾಯಣ ಗುಡಿಗಳ ಕೆತ್ತನೆಗೆ ಫೋಟೋ ಜಾಸ್ತಿ ಬೀಳುತ್ತವೆ. ಶಾಂತಿನಾಥ ಬಸದಿಯ ಹತ್ತಿರವೂ ಸ್ವಲ್ಪ ಹೊತ್ತು ನಿಲ್ಲಿ.