ಸ್ವಂತ ವ್ಯಾಲೆಟ್ ಇಟ್ಟುಕೊಂಡವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಬಿಟ್‌ಕಾಯಿನ್ ನಿಮ್ಮ ಮೊಬೈಲಿನೊಳಗೆ ಕೂತಿರುವುದಿಲ್ಲ. ಯಾವ ಅಡ್ರೆಸ್ಸಿನಲ್ಲಿ ಎಷ್ಟಿದೆ ಎಂಬ ಲೆಕ್ಕ ಬ್ಲಾಕ್‌ಚೈನಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇರುತ್ತದೆ. ವ್ಯಾಲೆಟ್ ಕಾಯುವುದು ಪ್ರೈವೇಟ್ ಕೀಯನ್ನು, ಅಂದರೆ 256 ಬಿಟ್‌ಗಳ ಒಂದು ಸಂಖ್ಯೆಯನ್ನು. ಅದರಿಂದ ಪಬ್ಲಿಕ್ ಕೀ, ಪಬ್ಲಿಕ್ ಕೀಯಿಂದ ಅಡ್ರೆಸ್ ಹುಟ್ಟುತ್ತವೆ. ಅಡ್ರೆಸ್ ಹಿಡಿದು ಹಿಂದಕ್ಕೆ ಹೋಗಿ ಕೀ ಪತ್ತೆ ಮಾಡುವುದು ಇವತ್ತಿನ ಯಾವ ಕಂಪ್ಯೂಟರಿಗೂ ಆಗದ ಕೆಲಸ. ಆದ್ದರಿಂದಲೇ ಕಳ್ಳರು ಗಣಿತದ ತಂಟೆಗೆ ಹೋಗದೆ ನೇರ ನಿಮ್ಮ ಹತ್ತಿರ ಬರುತ್ತಾರೆ.

ಮಾಡಬೇಕಾದ್ದು

ವ್ಯಾಲೆಟ್ ಶುರುಮಾಡುವಾಗ ತೋರಿಸುವ 12 ಅಥವಾ 24 ಇಂಗ್ಲಿಷ್ ಪದಗಳೇ ಸೀಡ್ ಫ್ರೇಸ್. ನಿಮ್ಮ ಎಲ್ಲ ಕೀಗಳ ಮೂಲವೂ ಅದೇ. ಪದಗಳನ್ನು ಕ್ರಮಸಂಖ್ಯೆ ಹಾಕಿ ಪೆನ್ನಿನಲ್ಲಿ ಕಾಗದದ ಮೇಲೆ ಬರೆಯಿರಿ. ಎರಡು ಪ್ರತಿ, ಎರಡು ಕಡೆ. ದೊಡ್ಡ ಮೊತ್ತ ಹಾಕುವ ಮುಂಚೆ ಆ್ಯಪ್ ಅಳಿಸಿ, ಕಾಗದ ನೋಡಿಕೊಂಡೇ ವ್ಯಾಲೆಟ್ ಮತ್ತೆ ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ಬಹಳ ಜನ ಬಿಟ್ಟುಬಿಡುವ ಕೆಲಸ ಇದೇ.

ಹಣ ಕಳಿಸುವಾಗ ಅಡ್ರೆಸ್ಸನ್ನು ಪೂರ್ತಿ ತಾಳೆ ನೋಡಿ. ಇಥೀರಿಯಂ ಅಡ್ರೆಸ್ಸಿನಲ್ಲಿ ಆರಂಭದ ಸೊನ್ನೆ-ಎಕ್ಸ್ (0x) ಬಿಟ್ಟು 40 ಅಕ್ಷರ, ಅಂಕಿಗಳಿರುತ್ತವೆ. ಮೊದಲ ನಾಲ್ಕು, ಕೊನೆಯ ನಾಲ್ಕು ಮಾತ್ರ ನೋಡಿದರೆ ಸಾಲದು. ನೆಟ್‌ವರ್ಕ್ ಯಾವುದೆಂದೂ ನೋಡಿ. ಮೊದಲು ಚಿಲ್ಲರೆ ಕಳಿಸಿ, ತಲುಪಿದ ಮೇಲೆ ಉಳಿದದ್ದು.

ಮಾಡಬಾರದ್ದು

ಸೀಡ್ ಫ್ರೇಸಿನ ಫೋಟೊ, ಸ್ಕ್ರೀನ್‌ಶಾಟ್ ಬೇಡ. ನಿಮಗೆ ನೀವೇ ವಾಟ್ಸ್ಆ್ಯಪ್ ಮಾಡಿಕೊಳ್ಳುವುದೂ ಬೇಡ. ಗ್ಯಾಲರಿಯ ಚಿತ್ರಗಳಲ್ಲಿರುವ ಪದಗಳನ್ನು ಓದಿ ಕದಿಯುವ ಆ್ಯಪ್‌ಗಳು 2025ರಲ್ಲಿ ಪತ್ತೆಯಾಗಿವೆ.

ಕಸ್ಟಮರ್ ಕೇರ್ ಎಂದು ಹೇಳಿಕೊಂಡವರಿಗೂ ಆ ಪದಗಳನ್ನು ಹೇಳಬೇಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡವಲ್ಲ, ಇಲ್ಲಿಯೂ ಹಾಗೆಯೇ: ಹಣ ಬರಲು ಅಡ್ರೆಸ್ ಒಂದೇ ಸಾಕು. ಕೀ ಕೇಳಿದವನು ಕಳ್ಳ.

ಹಳೆಯ ವಹಿವಾಟಿನ ಪಟ್ಟಿಯಿಂದ ಅಡ್ರೆಸ್ ಕಾಪಿ ಮಾಡಬೇಡಿ. ನೀವು ಹಿಂದೆ ಹಣ ಕಳಿಸಿದ ಅಡ್ರೆಸ್ಸಿಗೆ ತುದಿಗಳೆರಡೂ ಹೊಂದುವಂಥ ಅಡ್ರೆಸ್ ಸೃಷ್ಟಿಸಿ, ಅದು ನಿಮ್ಮ ಪಟ್ಟಿಯಲ್ಲಿ ಸೇರಿಕೊಳ್ಳುವಂತೆ ಮಾಡುವುದು ಕಳ್ಳರ ಹಳೆಯ ಉಪಾಯ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಮೋಸಹೋಗಿ ಸುಮಾರು 6.8 ಕೋಟಿ ಡಾಲರ್ ಬೆಲೆಯ ಟೋಕನ್ ಕಳಿಸಿಬಿಟ್ಟರು. ಮಾತುಕತೆಯ ಮೇಲೆ ಕಳ್ಳ ಬಹುಪಾಲು ಹಿಂದಿರುಗಿಸಿದ. ಅಂಥ ಕಳ್ಳ ಎಲ್ಲರಿಗೂ ಸಿಗುವುದಿಲ್ಲ.

ಹೆಸರಿನ ಜೊತೆ ಅಡ್ರೆಸ್ಸನ್ನು ಎಲ್ಲೆಂದರಲ್ಲಿ ಹಾಕಬೇಡಿ. ನಿಮ್ಮ ಬ್ಯಾಲೆನ್ಸನ್ನು ಯಾರು ಬೇಕಾದರೂ ನೋಡಬಹುದು.

ಎಡವಟ್ಟಾದರೆ

ಪದಗಳು ಸೋರಿವೆ, ಹಣ ಇನ್ನೂ ಇದೆ ಎಂದಾದರೆ ಆ್ಯಪಿನ ಪಾಸ್‌ವರ್ಡ್ ಬದಲಿಸಿ ಉಪಯೋಗವಿಲ್ಲ. ಹೊಸ ಪದಗಳ ಹೊಸ ವ್ಯಾಲೆಟ್ ಮಾಡಿ ಎಲ್ಲವನ್ನೂ ತಕ್ಷಣ ಅಲ್ಲಿಗೆ ಸಾಗಿಸಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಹಿವಾಟಿನ ಐಡಿ ಕೈಯಲ್ಲಿರಲಿ. ವಹಿವಾಟನ್ನು ರದ್ದು ಮಾಡುವ ಬ್ಯಾಂಕಾಗಲಿ ಕಚೇರಿಯಾಗಲಿ ಇಲ್ಲಿಲ್ಲ. ಫೀಸು ಕೊಟ್ಟರೆ ಹಣ ವಾಪಸ್ ತಂದುಕೊಡುತ್ತೇವೆ ಎಂದು ಆಮೇಲೆ ಫೋನ್ ಮಾಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.