ವಿದ್ಯುತ್ ಸೈಕಲ್: ಬೆಲೆ ನೋಡುವುದೋ, ಬಾಳಿಕೆ ನೋಡುವುದೋ?

ಗೊಬ್ಬರ ಕೊಳ್ಳುವಾಗ ನಾವು ಚೀಲದ ಬೆಲೆಯನ್ನಷ್ಟೇ ನೋಡುವುದಿಲ್ಲ. ಯೂರಿಯಾದಲ್ಲಿ ಸಾರಜನಕ ಶೇಕಡಾ 46, ಅಮೋನಿಯಂ ಸಲ್ಫೇಟಿನಲ್ಲಿ ಸುಮಾರು 20 ಎಂದು ತಿಳಿದು, ಕಿಲೋ ಸಾರಜನಕಕ್ಕೆ ಎಷ್ಟು ಬಿತ್ತೆಂದು ಲೆಕ್ಕ ಹಾಕುತ್ತೇವೆ. ತೋಟಕ್ಕೂ ಪೇಟೆಗೂ ಓಡಾಡಲು ವಿದ್ಯುತ್ ಸೈಕಲ್ ಕೊಳ್ಳಬೇಕೆಂದಿರುವ ಸದಸ್ಯ ಬಾಂಧವರು ಇದೇ ಕ್ರಮ ಅನುಸರಿಸುವುದು ಲೇಸು.

ಇಲ್ಲಿ ಸಾರವಿರುವುದು ಬ್ಯಾಟರಿಯಲ್ಲಿ. ಅದರ ಮೇಲೆ ಬರೆದಿರುವ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ ಸಿಗುತ್ತದೆ. 36 ವೋಲ್ಟ್, 10 ಆಂಪಿಯರ್-ಗಂಟೆಯದಾದರೆ 360 ವ್ಯಾಟ್-ಗಂಟೆ. ಪೆಡಲ್ ತುಳಿಯುತ್ತಾ ಸಮರಸ್ತೆಯಲ್ಲಿ ಹೋದರೆ ಕಿಲೋಮೀಟರಿಗೆ ಸುಮಾರು 10ರಿಂದ 15 ವ್ಯಾಟ್-ಗಂಟೆ ಖರ್ಚು. 15ರಂತೆ ಹಿಡಿದರೆ 24 ಕಿಲೋಮೀಟರ್ ಓಟ.

ಮಲೆನಾಡಿನ ಏರುದಾರಿಯ ಲೆಕ್ಕ ಬೇರೆ. ಸವಾರ, ಸೈಕಲ್, ಹೊರೆ ಸೇರಿ 120 ಕಿಲೋ ಇದ್ದರೆ, 100 ಮೀಟರ್ ಎತ್ತರ ಏರಲು ಸುಮಾರು 33 ವ್ಯಾಟ್-ಗಂಟೆ ಬೇಕು. ಮೋಟಾರಿನ ನಷ್ಟ ಸೇರಿದರೆ 40 ದಾಟುತ್ತದೆ. ಸಮರಸ್ತೆಯ ಸುಮಾರು 3 ಕಿಲೋಮೀಟರಿನ ಶಕ್ತಿ ಒಂದೇ ಏರಿನಲ್ಲಿ ಮುಗಿಯಿತು. ಆದುದರಿಂದ ಅಂಗಡಿಯವರು ಹೇಳುವ ಮೈಲೇಜನ್ನು ನಮ್ಮ ದಾರಿಗೆ ಹಾಗೆಯೇ ಅನ್ವಯಿಸಬಾರದು.

ಇನ್ನು ಬಾಳಿಕೆ. ಮೇಲಿನ ಅಳತೆಯ ಎರಡು ಬ್ಯಾಟರಿಗಳಿವೆ ಎಂದಿಟ್ಟುಕೊಳ್ಳೋಣ. ಒಂದರ ಬೆಲೆ 12,000 ರೂಪಾಯಿ, 500 ಚಾರ್ಜು ಬಾಳುತ್ತದೆ. ಇನ್ನೊಂದರ ಬೆಲೆ 18,000, ಬಾಳಿಕೆ 1,000 ಚಾರ್ಜು. ಸಮರಸ್ತೆಯಲ್ಲಿ ಮೊದಲನೆಯದು 12,000 ಕಿಲೋಮೀಟರ್ ಓಡಿ, ಕಿಲೋಮೀಟರಿಗೆ 1 ರೂಪಾಯಿ ಬೀಳುತ್ತದೆ. ಎರಡನೆಯದು 24,000 ಓಡಿ 75 ಪೈಸೆ ಬೀಳುತ್ತದೆ. ಕರೆಂಟಿನ ಖರ್ಚು ಯೂನಿಟ್ಟಿಗೆ 8 ರೂಪಾಯಿಯಂತೆ ಹಿಡಿದರೂ 12 ಪೈಸೆ ಮಾತ್ರ. ನಿಜವಾದ ಖರ್ಚು ಬ್ಯಾಟರಿಯ ಸವಕಳಿಯೇ. ಆದರೆ ಸುಮ್ಮನೆ ಇಟ್ಟರೂ ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ. ವಾರಕ್ಕೊಮ್ಮೆ ಸಂತೆಗೆ ಹೋಗುವವರಿಗೆ ದುಬಾರಿ ಬ್ಯಾಟರಿಯ ಲಾಭ ಪೂರ್ತಿ ಕೈಗೆ ಬಾರದು.

ಹಳೆಯ ಸೈಕಲಿಗೆ ಕಿಟ್ ಜೋಡಿಸಿಕೊಳ್ಳುವುದು ಅಗ್ಗವೆಂದು ಕಾಣುತ್ತದೆ. ಒಳ್ಳೆಯ ಬ್ರೇಕು, ಗಟ್ಟಿ ಚೌಕಟ್ಟಿನ ಖರ್ಚನ್ನೂ ಕೂಡಿಸಿ ನೋಡಬೇಕು. ರಕ್ಷಣಾ ಸರ್ಕಿಟ್ ಇಲ್ಲದ ಲಿಥಿಯಂ ಬ್ಯಾಟರಿ ಬೆಂಕಿಗೆ ದಾರಿ. ಬಿಟ್ಟಿಯಾಗಿ ಸಿಕ್ಕರೂ ಬೇಡ. ಮೋಟಾರು 250 ವ್ಯಾಟಿಗಿಂತ ಹಾಗೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಮಿತಿ ಮೀರಿದರೆ ಕಾನೂನಿನಲ್ಲಿ ಅದು ಮೋಟಾರು ವಾಹನ. ನೋಂದಣಿ, ಲೈಸೆನ್ಸು, ವಿಮೆ ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ.

ಕೊಳ್ಳುವ ಮುನ್ನ ನಾಲ್ಕು ಮಾತು ಬರೆಸಿಕೊಳ್ಳೋಣ: ಎಷ್ಟು ವ್ಯಾಟ್-ಗಂಟೆ, ಎಷ್ಟು ಚಾರ್ಜು ಬಾಳಿಕೆ, ಎಷ್ಟು ವರ್ಷದ ಗ್ಯಾರಂಟಿ, ಬದಲಿ ಬ್ಯಾಟರಿಗೆ ಎಷ್ಟು ಬೆಲೆ. ಬರೆದುಕೊಡಲು ಹಿಂಜರಿಯುವ ಕಡೆ ರಿಯಾಯಿತಿ ಎಷ್ಟಿದ್ದರೂ ಹಣ ಬಿಚ್ಚದಿರುವುದೇ ಕ್ಷೇಮ.