ಗಂಡಸರ ಉರಿಮೂತ್ರ: ನಾಚಿಕೆ ಬೇಡ, ಜಾಗ್ರತೆ ಬೇಕು

ಮಸೀದಿಯ ಮೊದಲ ಸಾಲಿನಲ್ಲಿ ನಿಂತು ನಮಾಝ್ ಮಾಡುತ್ತಿದ್ದ ಹಿರಿಯರೊಬ್ಬರು ಒಂದು ದಿನ ಹಿಂದಿನ ಸಾಲಿಗೆ, ಬಾಗಿಲ ಬಳಿಗೆ ಸರಿಯುತ್ತಾರೆ. ಕೆಲವು ವಾರಗಳ ಬಳಿಕ ಜಮಾಅತ್‌ಗೆ ಬರುವುದನ್ನೇ ನಿಲ್ಲಿಸುತ್ತಾರೆ. ಯಾರಾದರೂ ವಿಚಾರಿಸಿದರೆ 'ಮಂಡಿ ನೋವು' ಎಂದು ಹೇಳಿ ಮಾತು ಬದಲಿಸುತ್ತಾರೆ. ನಿಜವಾದ ಕಾರಣ ಮಂಡಿಯಲ್ಲಿಲ್ಲ. ಮೂತ್ರ ಉರಿಯುತ್ತದೆ, ಗಳಿಗೆಗೊಮ್ಮೆ ಅವಸರವಾಗುತ್ತದೆ, ಎದ್ದು ಬಂದ ಮೇಲೂ ಹನಿ ಬೀಳುತ್ತದೆ. ಬಟ್ಟೆ ಅಶುದ್ಧವಾಯಿತು, ನಮಾಝ್ ಆಗಲಿಲ್ಲವೆಂಬ ಕೊರಗು ಅವರನ್ನು ಒಳಗೊಳಗೇ ತಿನ್ನುತ್ತದೆ. ಇದನ್ನು ಮಗನಿಗೆ ಹೇಳಲು ನಾಚಿಕೆ, ಸೊಸೆಯ ಮುಂದಂತೂ ಹೇಳುವ ಮಾತೇ ಇಲ್ಲ. ಔಷಧಿ ಅಂಗಡಿಗೆ ಹೋಗಿ 'ಉರಿಮೂತ್ರಕ್ಕೆ ಏನಾದರೂ ಕೊಡಿ' ಎಂದು ನಾಲ್ಕು ಮಾತ್ರೆ ತರುತ್ತಾರೆ. ಎರಡು ದಿನಕ್ಕೆ ಉರಿ ತಗ್ಗುತ್ತದೆ, ಉಳಿದ ಮಾತ್ರೆ ಗೂಡಿನಲ್ಲಿ ಉಳಿಯುತ್ತದೆ. ತಿಂಗಳು ಕಳೆಯುವುದರೊಳಗೆ ರೋಗ ಮರಳಿ ಬರುತ್ತದೆ.

ಓದುಗರೇ, ಇಂತಹ ಒಬ್ಬರು ನಿಮ್ಮ ಮನೆಯಲ್ಲೇ ಇರಬಹುದು. ಆದುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿಯೇ ಬರೆಯಬೇಕಾಗಿದೆ. ಶೌಚದ ನಿಯಮಗಳನ್ನು ನಾವು ಮಕ್ಕಳಿಗೆ ಮದ್ರಸದಲ್ಲೇ ಕಲಿಸುತ್ತೇವೆ. ಹಾಗಿರುವಾಗ ಅದೇ ಅಂಗದ ಕಾಯಿಲೆಯ ಕುರಿತು ಮಾತಾಡಲು ಹಿಂಜರಿಯುವುದರಲ್ಲಿ ಅರ್ಥವಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿವೆ. ಬೇಸಿಗೆಯ ಬಿಸಿಲಿನಲ್ಲಿ ದೇಹದ ನೀರು ಬೆವರಾಗಿ ಹೋಗುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ದುಡಿಯುವವನು, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕುಳಿತವನು, ಶೇಂಗಾ ಹೊಲದಲ್ಲಿ ನಿಂತವನು, ಬಳ್ಳಾರಿ-ಬೆಂಗಳೂರು ದಾರಿಯಲ್ಲಿ ಲಾರಿ ಓಡಿಸುವವನು, ಇವರೆಲ್ಲರಿಗೂ ಒಂದು ಅಭ್ಯಾಸ ಸಮಾನವಾಗಿದೆ. ನೀರು ಕುಡಿಯುವುದು ಕಡಿಮೆ, ಮೂತ್ರ ತಡೆಯುವುದು ಹೆಚ್ಚು. ಸಂಜೆ ಮೂತ್ರ ಹಳದಿಯಾಗಿ ಉರಿದರೆ 'ಉಷ್ಣವಾಯಿತು' ಎಂದು ಮಜ್ಜಿಗೆಯನ್ನೋ ಎಳನೀರನ್ನೋ ಕುಡಿಯುತ್ತಾರೆ. ಅದರಲ್ಲಿ ತಪ್ಪಿಲ್ಲ. ಕೇವಲ ನೀರು ಕಡಿಮೆಯಾಗಿ ಆದ ಉರಿ ಒಂದು ದಿನದಲ್ಲಿ ಶಮನವಾಗುತ್ತದೆ. ಆದರೆ ಉರಿಯೊಂದಿಗೆ ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು, ಮೂತ್ರದಲ್ಲಿ ಮಬ್ಬು ಅಥವಾ ದುರ್ವಾಸನೆ, ಜ್ವರ ಇದ್ದರೆ ಅದು ಉಷ್ಣವಲ್ಲ, ಸೋಂಕು. (ಕೆಲವರು ಇದನ್ನು ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ ಹೊರಿಸುತ್ತಾರೆ. ಈ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ. ಅದು ಹಲ್ಲು ಮತ್ತು ಮೂಳೆಯನ್ನು ಕೆಡಿಸುತ್ತದೆ. ಆದರೆ ಮೂತ್ರದ ಸೋಂಕನ್ನು ತರುವುದು ರೋಗಾಣು, ಫ್ಲೋರೈಡ್ ಅಲ್ಲ.)

ಈ ರೋಗಾಣು ಹೆಚ್ಚಾಗಿ ನಮ್ಮ ಕರುಳಿನಲ್ಲೇ ವಾಸಿಸುವ ಇ. ಕೋಲಿ. ಅದು ಮೂತ್ರನಾಳದ ಮೂಲಕ ಮೇಲೇರಿ ಮೂತ್ರಕೋಶ ಸೇರುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರದ್ದು ಸುಮಾರು 20 ಸೆಂಟಿಮೀಟರ್. ದಾರಿ ಉದ್ದವಿರುವುದರಿಂದ ಯುವಕರಿಗೆ ಈ ಸೋಂಕು ಅಪರೂಪ. ಗಂಡಸಿಗೆ ಒಮ್ಮೆ ಬಂದರೂ 'ಏಕೆ ಬಂತು?' ಎಂದು ಕೇಳಬೇಕು. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರಂತೂ ಒಳಗೆ ಏನೋ ಕಾರಣವಿದೆಯೆಂದೇ ತಿಳಿಯಬೇಕು. ಆ ಕಾರಣವನ್ನು ಹುಡುಕದೆ ಮಾತ್ರೆ ನುಂಗುವುದು, ಒಡೆದ ಕೊಳಾಯಿಯನ್ನು ಹಾಗೆಯೇ ಬಿಟ್ಟು ನೆಲ ಒರೆಸಿದಂತೆ.

ಐವತ್ತು ದಾಟಿದವರಲ್ಲಿ ಮೊದಲು ಸಂಶಯಿಸಬೇಕಾದುದು ಪ್ರಾಸ್ಟೇಟ್ ಗ್ರಂಥಿಯನ್ನು. ಇದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ. ವಯಸ್ಸಾದಂತೆ ಅದು ಊದಿಕೊಂಡು ನಾಳವನ್ನು ಒತ್ತುತ್ತದೆ. ಧಾರೆ ಸಣ್ಣದಾಗುತ್ತದೆ, ಆರಂಭವಾಗಲು ಕಾಯಬೇಕಾಗುತ್ತದೆ, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ, ಪೂರ್ತಿ ಖಾಲಿಯಾಗಲಿಲ್ಲವೆನಿಸುತ್ತದೆ. ನಿಜವಾಗಿಯೂ ಖಾಲಿಯಾಗಿರುವುದಿಲ್ಲ. ಕೆರೆಯಲ್ಲಿ ನಿಂತ ನೀರು ಪಾಚಿಗಟ್ಟುವಂತೆ ಮೂತ್ರಕೋಶದಲ್ಲಿ ಉಳಿದ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆ. ಇನ್ನೊಂದು ತೊಂದರೆಯೆಂದರೆ, ರೋಗಾಣು ಪ್ರಾಸ್ಟೇಟ್ ಗ್ರಂಥಿಯ ಒಳಗೇ ಅಡಗಿ ಕೂರಬಲ್ಲದು. ಹಲವು ಆ್ಯಂಟಿಬಯೋಟಿಕ್‌ಗಳು ಆ ಗ್ರಂಥಿಯೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಅದಕ್ಕಾಗಿಯೇ ವೈದ್ಯರು ಗಂಡಸರಿಗೆ ಸಾಮಾನ್ಯವಾಗಿ ಒಂದು ವಾರದ ಚಿಕಿತ್ಸೆ ಕೊಡುತ್ತಾರೆ, ದೀರ್ಘಕಾಲದ ಪ್ರಾಸ್ಟೇಟ್ ಸೋಂಕಿಗೆ ನಾಲ್ಕರಿಂದ ಆರು ವಾರಗಳವರೆಗೂ ಕೊಡುತ್ತಾರೆ. ಎರಡು ದಿನದಲ್ಲಿ ಉರಿ ನಿಂತಿತೆಂದು ಬಿಟ್ಟವನು ಸಾಯದೆ ಉಳಿದ ರೋಗಾಣುವಿಗೆ ಔಷಧವನ್ನು ಎದುರಿಸುವ ಅವಕಾಶ ಕೊಟ್ಟಂತಾಗುತ್ತದೆ.

ಸಕ್ಕರೆ ಕಾಯಿಲೆ ಎರಡನೆಯ ಕಾರಣ. ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ವರ್ಷಗಳು ಕಳೆದಂತೆ ಮೂತ್ರಕೋಶದ ನರಗಳನ್ನೂ ಮಂಕುಗೊಳಿಸುತ್ತದೆ. ಚೀಲ ತುಂಬಿದರೂ ತಿಳಿಯುವುದಿಲ್ಲ. ಮೂರನೆಯದು ಕಲ್ಲು. ನೀರು ಕಡಿಮೆ ಕುಡಿಯುವ ಬಿಸಿಲು ನಾಡಿನಲ್ಲಿ ಕಿಡ್ನಿ ಕಲ್ಲು ಹೊಸತಲ್ಲ. ಕಲ್ಲಿನ ಸಂದಿಯಲ್ಲಿ ರೋಗಾಣು ಕುಳಿತರೆ ಯಾವ ಔಷಧವೂ ಅದನ್ನು ಪೂರ್ತಿ ತಲುಪುವುದಿಲ್ಲ. ಹಿಂದೆ ಪೆಟ್ಟಾಗಿ ಅಥವಾ ಸೋಂಕಾಗಿ ಮೂತ್ರನಾಳ ಕಿರಿದಾಗಿರುವುದೂ ಒಂದು ಕಾರಣ. ನೆಗಡಿಗೆಂದು ಅಂಗಡಿಯಲ್ಲಿ ಕೊಳ್ಳುವ ಕೆಲವು ಮಾತ್ರೆಗಳು ಪ್ರಾಸ್ಟೇಟ್ ದೊಡ್ಡದಾದವರಲ್ಲಿ ಮೂತ್ರವನ್ನೇ ಕಟ್ಟಿಸಿಬಿಡುತ್ತವೆಂಬುದನ್ನೂ ನೆನಪಿಡಿ.

ಯುವಕರಲ್ಲಿ ಉರಿಯೊಂದಿಗೆ ಕೀವಿನಂತಹ ಸ್ರಾವವಿದ್ದರೆ ಅದು ಲೈಂಗಿಕ ಸಂಪರ್ಕದಿಂದ ಬಂದ ರೋಗವಿರಬಹುದು. ಅಲ್ಲಾಹನ ಮುಂದೆ ಪಶ್ಚಾತ್ತಾಪ ಪಡುವುದು ಬೇರೆ, ವೈದ್ಯರ ಮುಂದೆ ನಿಜ ಹೇಳುವುದು ಬೇರೆ. ಎರಡೂ ಆಗಬೇಕು. ಏಕೆಂದರೆ ಏನನ್ನೂ ಅರಿಯದ ಪತ್ನಿಗೂ ಚಿಕಿತ್ಸೆ ಬೇಕಾಗುತ್ತದೆ. ಸುನ್ನತ್ ಆದವರಿಗೆ ಈ ಕಾಯಿಲೆ ಬರುವುದಿಲ್ಲವೆಂದು ಹೇಳುವವರಿದ್ದಾರೆ. ಶೈಶವದಲ್ಲಿ ಅದು ಮೂತ್ರದ ಸೋಂಕನ್ನು ಬಹಳಷ್ಟು ತಗ್ಗಿಸುತ್ತದೆಂಬುದು ನಿಜ. ಆದರೆ ಅರವತ್ತರ ಪ್ರಾಸ್ಟೇಟ್‌ಗೆ ಅದು ತಡೆಯಲ್ಲ.

ಇನ್ನು ತಡೆಯುವ ಬಗೆ. ಮೊದಲನೆಯದು ಮೂತ್ರವನ್ನು ತಡೆಹಿಡಿಯದಿರುವುದು. ನಮ್ಮಲ್ಲಿ ಒಂದು ವಿಚಿತ್ರ ಅಭ್ಯಾಸವಿದೆ. ಅಸ್ರ್‌ಗೆ ಮಾಡಿದ ವುಝೂವನ್ನು ಇಶಾವರೆಗೆ ಉಳಿಸಿಕೊಳ್ಳಲು ಮೂತ್ರ ಬಿಗಿಹಿಡಿದು ಕೂರುವುದು. ಇದನ್ನು ಭಕ್ತಿಯೆಂದು ಭಾವಿಸುವವರೂ ಇದ್ದಾರೆ. ಆದರೆ ಮಲಮೂತ್ರದ ಒತ್ತಡವನ್ನು ತಡೆಯುತ್ತಾ ನಮಾಝ್ ಮಾಡಬಾರದೆಂದು ಪ್ರವಾದಿವರ್ಯರು(ಸ) ತಿಳಿಸಿರುವುದನ್ನು ಆಯಿಶಾ(ರ) ವರದಿ ಮಾಡಿದ್ದಾರೆ. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮಸೀದಿಯಲ್ಲಿ ಮೂತ್ರ ಮಾಡತೊಡಗಿದ ಹಳ್ಳಿಗನ ಘಟನೆಯೂ ನಿಮಗೆ ಗೊತ್ತಿದೆ. ಸಹಾಬಿಗಳು ಗದರಿಸಲು ಎದ್ದಾಗ ಪ್ರವಾದಿವರ್ಯರು(ಸ) ಅವರನ್ನು ತಡೆದರು, ಅವನು ಮುಗಿಸುವವರೆಗೆ ಬಿಡುವಂತೆ ಹೇಳಿದರು, ಬಳಿಕ ಆ ಜಾಗಕ್ಕೆ ನೀರು ಸುರಿಸಿದರು. ನಾವು ಈ ಘಟನೆಯನ್ನು ಸೌಮ್ಯತೆಯ ಪಾಠವಾಗಿ ಹೇಳುತ್ತೇವೆ. ಮೂತ್ರ ಮಾಡುತ್ತಿರುವವನನ್ನು ಅರ್ಧದಲ್ಲಿ ನಿಲ್ಲಿಸಬಾರದೆಂಬ ಕಾಳಜಿಯೂ ಅದರಲ್ಲಿದೆ.

ನೀರು ಟ್ಯಾಂಕರ್‌ನಲ್ಲಿ ಬರುವ ದಿನಗಳಲ್ಲಿ ಮತ್ತೆ ಮತ್ತೆ ವುಝೂ ಮಾಡುವುದು ಹೇಗೆಂದು ಕೇಳಬಹುದು. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಅನಸ್(ರ) ವರದಿ ಮಾಡಿದ್ದಾರೆ. ಇಂದಿನ ಲೆಕ್ಕದಲ್ಲಿ ಅದು ಮುಕ್ಕಾಲು ಲೀಟರಿನೊಳಗೆ ಬರುತ್ತದೆ. ನಲ್ಲಿ ತೆರೆದಿಟ್ಟು ನಾವು ಹರಿಸುವ ನೀರಿನಲ್ಲಿ ಮೂರು ನಾಲ್ಕು ವುಝೂ ಆಗುತ್ತದೆ.

ಎರಡನೆಯದು ಪೂರ್ತಿ ಖಾಲಿ ಮಾಡುವುದು. ಪ್ರವಾದಿವರ್ಯರು(ಸ) ಸಾಮಾನ್ಯವಾಗಿ ಕುಳಿತೇ ಮೂತ್ರವಿಸರ್ಜನೆ ಮಾಡುತ್ತಿದ್ದರು. ಪ್ರಾಸ್ಟೇಟ್ ತೊಂದರೆಯಿರುವವರಲ್ಲಿ ಕುಳಿತು ಮಾಡಿದರೆ ಒಳಗೆ ಉಳಿಯುವ ಮೂತ್ರ ಕಡಿಮೆಯಾಗುತ್ತದೆಂದು ಸಂಶೋಧನೆಗಳೂ ತೋರಿಸಿವೆ. ಕುಕ್ಕರಗಾಲಲ್ಲಿ ಕೂರಲಾಗದ ಹಿರಿಯರಿಗೆ ಕಮೋಡ್ ಹಾಕಿಸಿಕೊಡಿ, ಮನೆಗೆ ಅದಕ್ಕಿಂತ ಉಪಯುಕ್ತ ಖರ್ಚು ಇನ್ನೊಂದಿಲ್ಲ. ಒಮ್ಮೆ ಮುಗಿಸಿದ ಮೇಲೆ ಎದ್ದು ನಾಲ್ಕು ಹೆಜ್ಜೆ ನಡೆದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಕುಳಿತರೆ ಉಳಿದದ್ದೂ ಬರುತ್ತದೆ. ನಮ್ಮ ಹಿರಿಯರು ಇಸ್ತಿಬ್ರಾ ಎಂದು ಕಲಿಸಿದ ಕ್ರಮಕ್ಕೆ ಇದು ತೀರಾ ಹತ್ತಿರದ್ದು. ಕೊನೆಯ ಹನಿಗಳಿಗಾಗಿ ವೃಷಣದ ಹಿಂಭಾಗದಿಂದ ಮುಂದಕ್ಕೆ ಬೆರಳಿನಿಂದ ಮೃದುವಾಗಿ ಒತ್ತಬಹುದು. ಅಷ್ಟು ಸಾಕು. ಅರ್ಧ ಗಂಟೆ ಹಿಂಡುತ್ತಾ ಕೂರುವುದು ವಸ್ವಾಸ್, ಅದರಿಂದ ನಾಳಕ್ಕೆ ಗಾಯವಾಗುವ ಸಂಭವವೂ ಇದೆ.

ಮೂರನೆಯದು ನೀರು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮರುಕಳಿಸುವ ಸೋಂಕಿದ್ದು ಕಡಿಮೆ ನೀರು ಕುಡಿಯುತ್ತಿದ್ದ 140 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿಸಲಾಯಿತು. ವರ್ಷದೊಳಗೆ ಅವರ ಸೋಂಕಿನ ಸಂಖ್ಯೆ ಉಳಿದವರಿಗಿಂತ ಸುಮಾರು ಅರ್ಧಕ್ಕಿಳಿಯಿತು. ಅವರೆಲ್ಲರೂ ಮಹಿಳೆಯರು. ಪ್ರಾಸ್ಟೇಟ್ ಅಡ್ಡಿಯಿರುವ ಗಂಡಸಿಗೆ ನೀರೊಂದೇ ಮದ್ದಾಗಲಾರದು. ಆದರೂ ಮೂತ್ರದ ಬಣ್ಣ ತಿಳಿಯಾಗಿರುವಷ್ಟು ಕುಡಿಯುವುದು ಕಲ್ಲಿಗೂ ಸೋಂಕಿಗೂ ಒಳ್ಳೆಯದು. ಲಾರಿಯಲ್ಲಿ, ಗಿರಣಿಯಲ್ಲಿ ನೀರಿನ ಬಾಟಲಿ ಕೈಗೆಟಕುವಂತಿರಲಿ. ರಾತ್ರಿ ಪದೇ ಪದೇ ಏಳುವವರು ಹಗಲಲ್ಲೇ ಹೆಚ್ಚು ಕುಡಿದು ಇಶಾದ ಬಳಿಕ ಕಡಿಮೆ ಮಾಡಲಿ, ಚಹಾವನ್ನೂ ಕೂಡ. ಹೃದಯ ಅಥವಾ ಕಿಡ್ನಿ ದುರ್ಬಲವಿರುವವರು ನೀರಿನ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ರಮಝಾನಿನಲ್ಲಿ ಇಫ್ತಾರ್‌ನಿಂದ ಸಹರಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಜ್ವರ ಬರುವಷ್ಟು ಸೋಂಕಿದ್ದರೆ ರೋಗಿಗೆ ಕುರ್‌ಆನ್ ಕೊಟ್ಟ ರಿಯಾಯಿತಿಯನ್ನು ಬಳಸಿಕೊಳ್ಳಿ, ಬಳಿಕ ಆ ಉಪವಾಸಗಳನ್ನು ಪೂರೈಸಿರಿ.

ಹನಿ ಬೀಳುವವರ ಕೊರಗಿಗೆ ಮರಳೋಣ. ಮೂತ್ರದಿಂದ ಎಚ್ಚರ ವಹಿಸದವನಿಗೆ ಗೋರಿಯಲ್ಲಿ ಶಿಕ್ಷೆಯಾಗುತ್ತಿತ್ತೆಂಬ ಇಬ್ನು ಅಬ್ಬಾಸ್(ರ)ರ ವರದಿಯನ್ನು ಕೇಳಿ ಅನೇಕ ಹಿರಿಯರು ನಡುಗುತ್ತಾರೆ. ಆ ಎಚ್ಚರಿಕೆ ಉದಾಸೀನನಿಗೆ, ರೋಗಿಗಲ್ಲ. ಫರ್ಝ್ ಪೂರೈಸುವಷ್ಟು ಹೊತ್ತೂ ಬಿಡುವು ಕೊಡದೆ ಒಂದು ನಮಾಝ್‌ನ ಸಮಯವಿಡೀ ಹನಿ ಬೀಳುತ್ತಿರುವವನನ್ನು ಹನಫಿ ವಿದ್ವಾಂಸರು ಮಅ್‌ಝೂರ್, ಅಂದರೆ ವಿನಾಯಿತಿಯುಳ್ಳವನೆಂದು ಪರಿಗಣಿಸಿದ್ದಾರೆ. ಅವನು ಪ್ರತಿ ನಮಾಝ್‌ನ ಸಮಯಕ್ಕೆ ಒಂದು ವುಝೂ ಮಾಡಿದರೆ ಸಾಕು. ಆ ಸಮಯ ಮುಗಿಯುವವರೆಗೆ ಹನಿ ಬಿದ್ದರೂ ಅದರಿಂದ ವುಝೂ ಕೆಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಹನಿ ಬೀಳುವವರ ವಿಧಿ ಬೇರೆ. ನಿಮ್ಮ ಊರಿನ ಆಲಿಮರಲ್ಲಿ ನೇರವಾಗಿ ಕೇಳಿರಿ, ಈ ಪ್ರಶ್ನೆ ಅವರಿಗೆ ಹೊಸತೇನಲ್ಲ. ಆದರೆ ವಿನಾಯಿತಿ ಸಿಕ್ಕಿತೆಂದು ಚಿಕಿತ್ಸೆಯನ್ನು ಬಿಡಬೇಡಿ. ಪ್ರತಿಯೊಂದು ರೋಗಕ್ಕೂ ಔಷಧವನ್ನು ಇರಿಸಿದ ಅಲ್ಲಾಹನು ಅದನ್ನು ಹುಡುಕುವ ಹೊಣೆಯನ್ನು ನಮಗೆ ಬಿಟ್ಟಿದ್ದಾನೆ. ಪ್ರಾಸ್ಟೇಟ್‌ಗೆ ನಾಳದ ಬಿಗಿತ ಸಡಿಲಿಸುವ ಮಾತ್ರೆಗಳಿವೆ, ಅವು ಸಾಲದಿದ್ದರೆ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಮಾಡುವ ಶಸ್ತ್ರಚಿಕಿತ್ಸೆಯಿದೆ.

ನಳಿಕೆ ಹಾಕಿಸಿಕೊಂಡು ಮನೆಯಲ್ಲಿರುವ ಹಿರಿಯರನ್ನು ನೋಡಿಕೊಳ್ಳುವವರು ಮೂತ್ರದ ಚೀಲವನ್ನು ಸದಾ ಮೂತ್ರಕೋಶಕ್ಕಿಂತ ಕೆಳಗೆ ತೂಗುಹಾಕಲಿ, ಮುಟ್ಟುವ ಮೊದಲು ಮತ್ತು ನಂತರ ಸೋಪಿನಿಂದ ಕೈ ತೊಳೆಯಲಿ. ಇಂಥವರ ಮೂತ್ರದಲ್ಲಿ ರೋಗಾಣು ಕಾಣುವುದು ಸಾಮಾನ್ಯ. ತೊಂದರೆಯ ಲಕ್ಷಣವಿಲ್ಲದಿದ್ದರೆ ವರದಿಯೊಂದನ್ನೇ ನೋಡಿ ಆ್ಯಂಟಿಬಯೋಟಿಕ್ ಕೇಳಬಾರದು.

ಕೆಲವು ಲಕ್ಷಣಗಳಿಗೆ ಬೆಳಗಾಗುವವರೆಗೂ ಕಾಯಬಾರದು. ಚಳಿ ನಡುಕದೊಂದಿಗೆ ಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ, ವೃದ್ಧರಲ್ಲಿ ಏಕಾಏಕಿ ಮಾತು ತೊದಲುವುದು ಅಥವಾ ಗೊಂದಲ, ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ಇವುಗಳಲ್ಲಿ ಯಾವುದಿದ್ದರೂ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿರಿ. ಸೋಂಕು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರೆ, ಅದರಲ್ಲೂ ಬೀಡಿ ಸಿಗರೇಟು ಸೇದುವವರಿಗೆ, ಒಮ್ಮೆ ಹೋಗಿ ನಿಂತಿತೆಂದು ಸುಮ್ಮನಿರಬೇಡಿ. ಮೂತ್ರಕೋಶದ ಕ್ಯಾನ್ಸರ್ ಹೀಗೆಯೇ ಆರಂಭವಾಗಬಹುದು.

ಅವಸರವಿಲ್ಲದ ಸ್ಥಿತಿಯಲ್ಲಿ ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಮುಂದೆ ಹೋಗಬೇಕಾದರೆ ಚಳ್ಳಕೆರೆಯವರಿಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ, ಮೊಳಕಾಲ್ಮೂರಿನವರಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. ಮಕ್ಕಳಾದವರು ತಂದೆಯೊಂದಿಗೆ ಹೋಗಿ, ಆದರೆ ವೈದ್ಯರ ಕೋಣೆಯಲ್ಲಿ ಅವರನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಬಿಡಿ. ನಿಮ್ಮ ಮುಂದೆ ಹೇಳಲಾಗದ್ದನ್ನು ಅವರು ಅಲ್ಲಿ ಹೇಳುತ್ತಾರೆ. ಈ ಹಿಂದೆ ನುಂಗಿದ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಒಯ್ಯಿರಿ. ಸಕ್ಕರೆಯ ಪರೀಕ್ಷೆ, ಮೂತ್ರ ಮಾಡಿದ ಬಳಿಕ ಒಳಗೆಷ್ಟು ಉಳಿಯಿತೆಂದು ನೋಡುವ ಸ್ಕ್ಯಾನಿಂಗ್, ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆಂದು ತಿಳಿಸುವ ಮೂತ್ರದ ಕಲ್ಚರ್, ಈ ಮೂರರ ಬಗ್ಗೆ ಕೇಳಿರಿ. ಪ್ರಾಸ್ಟೇಟ್‌ನ ಪಿ.ಎಸ್.ಎ. ರಕ್ತಪರೀಕ್ಷೆ ಮಾತ್ರ ಸೋಂಕು ಇರುವಾಗ ಸುಳ್ಳೇ ಏರಿ ಹೆದರಿಸುತ್ತದೆ. ಅದನ್ನು ಗುಣವಾಗಿ ಕೆಲವು ವಾರ ಕಳೆದ ಮೇಲೆ ಮಾಡಿಸುವುದು ಲೇಸು.

ಕಲ್ಚರ್‌ಗೆ ಮೂತ್ರವನ್ನು ಆ್ಯಂಟಿಬಯೋಟಿಕ್ ಆರಂಭಿಸುವ ಮೊದಲೇ ಕೊಡಬೇಕು. ಅಂಗವನ್ನು ನೀರಿನಿಂದ ತೊಳೆದು, ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬ್‌ನವರೇ ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿಯಬೇಕು. ಮನೆಯ ಔಷಧಿ ಬಾಟಲಿಯನ್ನು ತೊಳೆದು ಒಯ್ಯಬೇಡಿ. ಮೊಳಕಾಲ್ಮೂರಿನಲ್ಲಿ ಬೆಳಿಗ್ಗೆ ಹಿಡಿದ ಮೂತ್ರವನ್ನು ಮೇ ತಿಂಗಳ ಬಿಸಿಲಿನಲ್ಲಿ ಬಸ್ಸಿನಲ್ಲಿಟ್ಟುಕೊಂಡು ಮಧ್ಯಾಹ್ನ ಬಳ್ಳಾರಿಗೆ ತಲುಪಿಸಿದರೆ, ಅಷ್ಟರೊಳಗೆ ಡಬ್ಬಿಯಲ್ಲೇ ರೋಗಾಣು ಬೆಳೆದು ವರದಿ ತಪ್ಪಾಗುತ್ತದೆ. ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಆದುದರಿಂದ ದಾರಿಯಲ್ಲಿ ನೀರು ಕುಡಿಯುತ್ತಾ ಹೋಗಿ, ಅಲ್ಲಿಯೇ ಕೊಡಿರಿ.